ಗ್ಲುಲ್ಯಾಮ್ ತೊಲೆ: ಉಕ್ಕಿನ ಐ-ಬೀಮ್ ಇದ್ದ ಜಾಗದಲ್ಲಿ ಮರ ಕೂರಿಸುವ ಮುನ್ನ

"ಐಎಸ್‌ಎಂಬಿ 250 ತೆಗೆದು ಅದೇ ಜಾಗಕ್ಕೆ ಗ್ಲುಲ್ಯಾಮ್ ಹಾಕಿಕೊಡಿ" ಎಂಬ ಬೇಡಿಕೆ ಸ್ಟ್ರಕ್ಚರಲ್ ಎಂಜಿನಿಯರ್‌ಗಳ ಮೇಜಿಗೆ ಬರುವುದುಂಟು. ನಕ್ಷೆ ಅದೇ, ಕಂಬಗಳ ಅಂತರ ಅದೇ, ಮಹಡಿಯ ಎತ್ತರವೂ ಅದೇ, ಸಾಮಾನು ಮಾತ್ರ ಬೇರೆ: 250 ಮಿ.ಮೀ. ಆಳದ ಉಕ್ಕಿನ ಐ-ಬೀಮ್ (ಐಎಸ್‌ಎಂಬಿ 250) ಬದಲು ಹಲಗೆಗಳನ್ನು ಅಂಟಿಸಿ ಮಾಡಿದ ಮರದ ತೊಲೆ. ಹೀಗೆ ಕೇಳುವವರಿಗೆ ಈ ಉತ್ಪನ್ನ ಹೊಂದುವುದಿಲ್ಲ. ಮರಕ್ಕೆಂದೇ ಕಂಬಗಳ ಜಾಗ ಗುರುತು ಮಾಡಿದವರಿಗೆ ಇದೇ ತೊಲೆ ಒಳ್ಳೆಯ ಸಾಮಾನು. ವ್ಯತ್ಯಾಸ ಎಲ್ಲಿದೆ ಎಂಬುದನ್ನು ಲೆಕ್ಕದಲ್ಲೇ ತೋರಿಸಬಹುದು.

ಗ್ಲುಲ್ಯಾಮ್ ಎಂದರೆ ಸುಮಾರು 40 ಮಿ.ಮೀ. ದಪ್ಪದ ಹಲಗೆಗಳನ್ನು ಶೇ. 12ರಷ್ಟು ತೇವಾಂಶಕ್ಕೆ ಒಣಗಿಸಿ, ದೊಡ್ಡ ಗಂಟುಗಳಿರುವ ಭಾಗ ಕತ್ತರಿಸಿ ತೆಗೆದು, ತುದಿಗೆ ತುದಿ ಬೆರಳು ಹೆಣೆದ ಹಾಗೆ ಕೂಡಿಸಿ, ಒಂದರ ಮೇಲೊಂದು ಅಂಟಿನಿಂದ ಒತ್ತಿ ಮಾಡಿದ ತೊಲೆ. ಹಲಗೆಗಳ ನಾರು ಎಲ್ಲ ಒಂದೇ ದಿಕ್ಕಿಗೆ. ಇದರ ಜೋಡಿ ಉತ್ಪನ್ನ ಸಿಎಲ್‌ಟಿ. ಅದರಲ್ಲಿ ಪದರಗಳನ್ನು ಅಡ್ಡ-ಉದ್ದ ಅಂಟಿಸಿರುತ್ತಾರೆ, ಹಾಗಾಗಿ ಅದು ನೆಲಕ್ಕೆ ಮತ್ತು ಗೋಡೆಗೆ. ಯುರೋಪಿನಿಂದ ಬರುವ ತೊಲೆ ಹೆಚ್ಚಾಗಿ ಸ್ಪ್ರೂಸ್ ಮರದ್ದು, ದರ್ಜೆ ಜಿಎಲ್24ಎಚ್: ಬಾಗುವ ಬಲ 24 ನ್ಯೂಟನ್/ಚ.ಮಿ.ಮೀ., ಸ್ಥಿತಿಸ್ಥಾಪಕ ಗುಣಾಂಕ (ಬಾಗದೆ ನಿಲ್ಲುವ ಗಡಸುತನದ ಅಳತೆ) 11,500, ಸರಾಸರಿ ಸಾಂದ್ರತೆ ಘನ ಮೀಟರಿಗೆ 420 ಕೆ.ಜಿ. ಉಕ್ಕಿನ ಗುಣಾಂಕ 2,00,000, ಸಾಂದ್ರತೆ 7,850. ಅಂದರೆ ಉಕ್ಕು ಸುಮಾರು 17 ಪಟ್ಟು ಗಡಸು, 19 ಪಟ್ಟು ಭಾರ. ತೂಕದ ಲೆಕ್ಕದಲ್ಲಿ ನೋಡಿದರೆ ಎರಡೂ ಹೆಚ್ಚುಕಡಿಮೆ ಸಮಸಮ. "ಮರ ಹಗುರ, ಆದ್ದರಿಂದ ತೊಲೆಯೂ ಹಗುರ" ಎಂಬ ಮಾರಾಟದ ಮಾತನ್ನು ಲೆಕ್ಕ ಹಾಕದೆ ನಂಬಬಾರದು ಎನ್ನುವುದು ಇದಕ್ಕೇ.

ಒಂದು ಸಾಮಾನ್ಯ ವಸತಿ ಮಹಡಿ ತೆಗೆದುಕೊಳ್ಳಿ. ತೊಲೆಯ ಹಾರ (ಆಸರೆಯಿಂದ ಆಸರೆಗೆ ಇರುವ ಅಂತರ) 6 ಮೀಟರ್, ತೊಲೆಯಿಂದ ತೊಲೆಗೆ 3 ಮೀಟರ್. ಮೇಲೆ 120 ಮಿ.ಮೀ. ಸಿಎಲ್‌ಟಿ, ಅದರ ಮೇಲೆ 50 ಮಿ.ಮೀ. ಸ್ಕ್ರೀಡ್ (ನೆಲ ಸಮ ಮಾಡುವ ಸಿಮೆಂಟ್ ಪದರ), ನೆಲಹಾಸು ಮತ್ತು ಸೀಲಿಂಗ್ ಸೇರಿ ಚದರ ಮೀಟರಿಗೆ 2.3 ಕಿಲೋನ್ಯೂಟನ್ ಸ್ವಂತ ಭಾರ. ಜನ ಮತ್ತು ಸಾಮಾನಿನ ಭಾರ ಭಾರಗಳ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ 2. ತೊಲೆಯ ಭಾರವೂ ಸೇರಿದರೆ ಮೀಟರಿಗೆ ಸುಮಾರು 13.2 ಕಿಲೋನ್ಯೂಟನ್.

ಯುರೋಪಿನ ಮರದ ವಿನ್ಯಾಸ ಸಂಹಿತೆಯಾದ ಯುರೋಕೋಡ್ 5ರ ಬಲದ ಲೆಕ್ಕಕ್ಕೆ 160 × 480 ಮಿ.ಮೀ. ತೊಲೆ ಸಾಕು. ಬಾಗುವ ಒತ್ತಡ 13.7 ಬರುತ್ತದೆ, ತಡೆಯುವ ಮಿತಿ 15.7. ಅದೇ ಅಗಲದ 440ರ ತೊಲೆ ಕೂದಲೆಳೆಯಲ್ಲಿ ಫೇಲ್. ಬಾಗುವಿಕೆಯಲ್ಲೂ 480 ಪಾಸ್: ಮೊದಲ ದಿನ ಸುಮಾರು 13 ಮಿ.ಮೀ., ವರ್ಷಗಳು ಕಳೆದು ಮರ ಜಗ್ಗಿದ ಮೇಲೆ 18–19. ಆದರೆ ಕಂಪನದ ಲೆಕ್ಕ ಹಾಕಿದರೆ 6.6 ಹರ್ಟ್ಜ್. ಹಗುರ ನೆಲ 8 ಹರ್ಟ್ಜ್‌ಗಿಂತ ಕೆಳಗಿದ್ದರೆ ಒಬ್ಬರು ನಡೆದಾಡುವುದು ಇನ್ನೊಬ್ಬರ ಕುರ್ಚಿಗೆ ಗೊತ್ತಾಗುತ್ತದೆ. ಯುರೋಕೋಡ್ ಅದಕ್ಕೆ ಪ್ರತ್ಯೇಕ ಪರಿಶೀಲನೆ ಕೇಳುತ್ತದೆ. 8 ದಾಟಬೇಕೆಂದರೆ 160 × 560 ಬೇಕು, ಆಗ 8.3 ಬರುತ್ತದೆ. ಈ ತೊಲೆಯ ತೂಕ ಮೀಟರಿಗೆ 37.6 ಕೆ.ಜಿ. ಐಎಸ್‌ಎಂಬಿ 250ರ ತೂಕ 37.3.

ಉಕ್ಕಿಗೂ ನ್ಯಾಯ ಸಲ್ಲಬೇಕು. ಇದೇ ಹಗುರ ನೆಲದ ಕೆಳಗೆ ಐಎಸ್‌ಎಂಬಿ 250 ಇಟ್ಟರೆ ಬಲಕ್ಕೆ ಸಾಕಾಗುತ್ತದೆ, ಕಂಪನ ಮಾತ್ರ 5.1 ಹರ್ಟ್ಜ್. ಕಾಂಕ್ರೀಟ್ ಸ್ಲ್ಯಾಬಿನ ಕೆಳಗೆ ಅದು ಸರಿಹೋಗುವುದಕ್ಕೆ ಕಾರಣ ಸ್ಲ್ಯಾಬಿನ ಭಾರ ಮತ್ತು ಸ್ಲ್ಯಾಬು-ತೊಲೆ ಒಟ್ಟಿಗೆ ದುಡಿಯುವುದು. ಮರದ ನೆಲದಡಿ 8 ಹರ್ಟ್ಜ್ ಬೇಕೆಂದರೆ ಉಕ್ಕೂ ಐಎಸ್‌ಎಂಬಿ 350ಕ್ಕೆ ಏರಬೇಕು, ಮೀಟರಿಗೆ 52.4 ಕೆ.ಜಿ. ಆದ್ದರಿಂದ ಸರಿಯಾದ ಹೋಲಿಕೆ 350 ಉಕ್ಕಿಗೆ 560 ಮರ. ಮಹಡಿಯೊಂದಕ್ಕೆ 210 ಮಿ.ಮೀ. ಎತ್ತರ ಹೆಚ್ಚು. ನಾಲ್ಕು ಮಹಡಿಯ ಕಟ್ಟಡದಲ್ಲಿ ಅದು 840 ಮಿ.ಮೀ. ಕಟ್ಟಡದ ಎತ್ತರಕ್ಕೆ ಮಿತಿ ಇರುವ ಸೈಟಿನಲ್ಲಿ ಇದನ್ನು ಮೊದಲ ದಿನವೇ ಆರ್ಕಿಟೆಕ್ಟ್‌ಗೆ ಹೇಳಬೇಕು.

ಇನ್ನೂ ಬಲವಾದ ಮರ ತಂದರೆ? ಎಲ್‌ವಿಎಲ್ ಎಂಬುದು 3 ಮಿ.ಮೀ. ಮರದ ಹಾಳೆಗಳನ್ನು ಅಂಟಿಸಿ ಮಾಡುವ ತೊಲೆ. ಅದರ ಒಂದು ಬ್ರ್ಯಾಂಡ್ ಕೆರ್ಟೋ-ಎಸ್‌ನ ಬಾಗುವ ಬಲ 44, ಜಿಎಲ್24ಎಚ್‌ಗಿಂತ ಹತ್ತಿರ ಹತ್ತಿರ ದುಪ್ಪಟ್ಟು. ಆದರೆ ಗುಣಾಂಕ 13,800 ಅಷ್ಟೇ. ಅಗಲ 150 ಇಟ್ಟು ಎರಡನ್ನೂ ಹೋಲಿಸಿದರೆ ಆಳದಲ್ಲಿ ಉಳಿಯುವುದು 30 ಮಿ.ಮೀ. ಚಿಲ್ಲರೆ. ಕಂಪನಕ್ಕೆ ಬೇಕಾದದ್ದು ಗಡಸುತನ, ಬಲಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕೆಲಸಕ್ಕೆ ಬರುವುದು ಹಾರವನ್ನು ಕಡಿಮೆ ಮಾಡುವುದು. 6 ಮೀಟರನ್ನು 4.5ಕ್ಕೆ ಇಳಿಸಿದರೆ 160 × 400 ಸಾಕು, ಮಹಡಿಯ ಪ್ರತಿ ಚದರ ಮೀಟರಿಗೆ ತೊಲೆಯ ಮರ ಶೇ. 29ರಷ್ಟು ಕಡಿಮೆ. ಮಲೆನಾಡಿನ ತೊಟ್ಟಿ ಮನೆ ಕಟ್ಟಿದ ಆಚಾರಿಗಳು ಅಂಗಳದ ಸುತ್ತ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದ್ದು ಬರೀ ಅಂದಕ್ಕಲ್ಲ. ತೊಲೆ, ಜಂತಿ, ಮುಚ್ಚಿಗೆ ಎಲ್ಲಕ್ಕೂ ಒಗ್ಗುವ ಅಂತರ ಅವರ ಕೈಗೆ ಗೊತ್ತಿತ್ತು.

ಹಾಗಾದರೆ ಗ್ಲುಲ್ಯಾಮ್-ಸಿಎಲ್‌ಟಿ ಜೋಡಿಯ ಲಾಭ ಎಲ್ಲಿ? ನೆಲದಲ್ಲಿ. 125 ಮಿ.ಮೀ. ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ ಸುಮಾರು 312 ಕೆ.ಜಿ. 120 ಮಿ.ಮೀ. ಸಿಎಲ್‌ಟಿ 58 ಕೆ.ಜಿ., ಸ್ಕ್ರೀಡ್ ಸೇರಿಸಿದರೂ 180ರ ಆಸುಪಾಸು. ಹಳೆಯ ಕಟ್ಟಡದ ಮೇಲೆ ಇನ್ನೊಂದು ಮಹಡಿ ಏರಿಸುವಾಗ, ಮಣ್ಣು ಮೆತ್ತಗಿರುವ ಕಡೆ, ಭೂಕಂಪದ ಬಲ ತಗ್ಗಿಸಬೇಕಾದ ಕಡೆ ಈ ಅಂತರವೇ ಮುಖ್ಯ. ಇಷ್ಟು ತಿಳಿದ ಮೇಲೆ ಕಂಬ-ತೊಲೆ ಉಕ್ಕಿನಲ್ಲೇ ಇಟ್ಟು ನೆಲ ಮಾತ್ರ ಸಿಎಲ್‌ಟಿ ಮಾಡುವುದು ಬಹಳ ಕಡೆ ಜಾಣತನ. ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ರೋಡ್ ಐಲ್ಯಾಂಡ್ ಸ್ಕೂಲ್ ಆಫ್ ಡಿಸೈನ್‌ನ ನಾರ್ತ್ ಹಾಲ್ ವಿದ್ಯಾರ್ಥಿನಿಲಯವನ್ನು 2019ರಲ್ಲಿ ಹೀಗೆಯೇ ಕಟ್ಟಿದರು. ನಾರ್ವೆಯ ಬ್ರುಮುಂಡಾಲ್‌ನಲ್ಲಿ ಅದೇ ವರ್ಷ ಮುಗಿದ 85.4 ಮೀಟರಿನ ಮ್ಯೋಸ್‌ಟೋರ್ನೆಟ್‌ನದ್ದು ಇನ್ನೊಂದು ರೀತಿ. ಅಷ್ಟೆತ್ತರದ ಮರದ ಕಟ್ಟಡ ಗಾಳಿಗೆ ತೂಗಿ ಜನರಿಗೆ ತಲೆ ತಿರುಗಬಾರದೆಂದು ಮೇಲಿನ ಏಳು ಮಹಡಿಗಳಿಗೆ ಬೇಕೆಂದೇ ಕಾಂಕ್ರೀಟ್ ನೆಲ ಹಾಕಿದ್ದಾರೆ. ಹಗುರವಾಗಿರುವುದೂ ಒಮ್ಮೊಮ್ಮೆ ತೊಂದರೆಯೇ.

ಬೆಂಕಿ

"ಮರ ಸುಡುತ್ತದಲ್ಲ?" ಎಂಬುದು ಎಲ್ಲರ ಮೊದಲ ಪ್ರಶ್ನೆ. ಸುಡುತ್ತದೆ, ಆದರೆ ಲೆಕ್ಕಕ್ಕೆ ಸಿಗುವಂತೆ ಸುಡುತ್ತದೆ. ರಕ್ಷಣೆಯಿಲ್ಲದ ಉಕ್ಕು 600 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಂಡಿರುತ್ತದೆ, ಅದನ್ನು ಬಣ್ಣವೋ ಬೋರ್ಡೋ ಕಾಯಬೇಕು. ಗ್ಲುಲ್ಯಾಮ್ ನಿಮಿಷಕ್ಕೆ 0.7 ಮಿ.ಮೀ.ನಂತೆ ಇದ್ದಿಲಾಗುತ್ತ ಒಳಗಿನ ಮರವನ್ನು ತಾನೇ ಕಾಯುತ್ತದೆ. 60 ನಿಮಿಷಕ್ಕೆ 42 ಮಿ.ಮೀ. ಇದ್ದಿಲು, ಬಿಸಿಗೆ ಬಲ ಕಳೆದುಕೊಂಡ ಪದರವೆಂದು ಇನ್ನು 7. ಒಟ್ಟು 49 ಪ್ರತಿ ಬದಿಯಿಂದ. ನಮ್ಮ 160 × 560 ತೊಲೆ ಎರಡು ಪಕ್ಕ ಮತ್ತು ಕೆಳಗಿನಿಂದ ಸುಟ್ಟು 62 × 511 ಉಳಿಯುತ್ತದೆ. ಬೆಂಕಿಯ ವೇಳೆಯ ಭಾರಕ್ಕೆ ಒತ್ತಡ 17, ತಡೆಯುವ ಮಿತಿ 27.6. ಆರಾಮಾಗಿ ಪಾಸ್.

90 ನಿಮಿಷ ಕೇಳಿದರೆ ಲೆಕ್ಕ ತಲೆಕೆಳಗು. ಪ್ರತಿ ಬದಿಯಿಂದ 70 ಹೋದರೆ ಉಳಿಯುವ ಅಗಲ 20 ಮಿ.ಮೀ., ಅದು ತೊಲೆಯಲ್ಲ, ರೀಪು. ಅಗಲ 200ಕ್ಕೆ ಏರಿಸಬೇಕು ಅಥವಾ ಜಿಪ್ಸಮ್ ಬೋರ್ಡ್ ಹೊದಿಸಬೇಕು. ಬೋರ್ಡ್ ಹೊದಿಸಿದರೆ ಕಣ್ಣಿಗೆ ಕಾಣಲೆಂದು ಆರಿಸಿಕೊಂಡ ಮರ ಕಾಣುವುದೇ ಇಲ್ಲ. ಆದ್ದರಿಂದ ಎಷ್ಟು ನಿಮಿಷ ಎಂಬುದನ್ನು ಅಗ್ನಿಶಾಮಕ ಇಲಾಖೆಯ ಅನುಮತಿಯ ಮಾತುಕತೆಯಲ್ಲೇ ಇತ್ಯರ್ಥ ಮಾಡಿಕೊಂಡು ಆಮೇಲೆ ಅಗಲ ಆರಿಸಿ.

ಸಿಎಲ್‌ಟಿಯಲ್ಲಿ ಕೇಳಲೇಬೇಕಾದದ್ದು ಅಂಟು ಯಾವುದು ಎಂದು. ಕೆಲವು ಪಾಲಿಯುರೆಥೇನ್ ಅಂಟುಗಳು ಬಿಸಿಗೆ ಮೆತ್ತಗಾಗಿ ಸುಟ್ಟ ಪದರ ಕಳಚಿ ಬೀಳುತ್ತದೆ, ಹಸಿ ಮರ ತೆರೆದುಕೊಂಡು ಬೆಂಕಿ ಮತ್ತೆ ಏರುತ್ತದೆ. ಅಮೆರಿಕದ ಪಿಆರ್‌ಜಿ 320 ಮಾನದಂಡದ 2018ರ ಆವೃತ್ತಿ ಇದನ್ನು ತಡೆಯುವ ಪರೀಕ್ಷೆ ಸೇರಿಸಿತು. ಆ ಆವೃತ್ತಿಗೋ ಅದರ ನಂತರದ್ದಕ್ಕೋ ಹೊಂದಿದ ಪ್ರಮಾಣಪತ್ರ ಕೇಳಿ ಪಡೆಯಿರಿ.

ಕೂಡುಗಳು

ಮರದ ಚೌಕಟ್ಟು ಸೋಲುವುದು ತೊಲೆಯ ನಡುವಿನಲ್ಲಲ್ಲ, ಕೂಡಿನಲ್ಲಿ. ನಾರಿನ ಉದ್ದಕ್ಕೆ ಗಟ್ಟಿಯಾದ ಜಿಎಲ್24ಎಚ್ ನಾರಿಗೆ ಅಡ್ಡ ಎಳೆದರೆ ತಡೆಯುವುದು ಬರೀ 0.5 ನ್ಯೂಟನ್/ಚ.ಮಿ.ಮೀ. ಸೌದೆ ಸೀಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಕ್ಕಿನ ವಿನ್ಯಾಸದ ಅಭ್ಯಾಸವನ್ನು ಹಾಗೇ ಮರಕ್ಕೆ ತಂದವರು ಎಡವುವುದು ಇಲ್ಲಿ.

ನಾರ್ವೆಯ ಟ್ರೆಟ್ಟನ್ ಸೇತುವೆ 2012ರಲ್ಲಿ ತೆರೆದದ್ದು 2022ರ ಆಗಸ್ಟ್ 15ರಂದು ಕುಸಿಯಿತು. ಒಂದು ಓರೆ ಕೋಲಿನ ತುದಿಯಲ್ಲಿ ಡೋವೆಲ್‌ಗಳ (ಮರದ ತೂತಿಗೆ ಹೊಡೆಯುವ ಉಕ್ಕಿನ ಸರಳುಗಳ) ಗುಂಪಿನ ಸುತ್ತಲಿನ ಮರ ಒಂದು ತುಂಡಾಗಿ ಕಿತ್ತು ಬಂದದ್ದು ಕಾರಣ. ಒಂದೊಂದೇ ಡೋವೆಲ್‌ನ ಬಲ ಕೂಡಿಸಿ "ಸಾಕು" ಎಂದರೆ ಸಾಲದು, ಗುಂಪಿಗೆ ಗುಂಪೇ ಕಿತ್ತು ಬರುವ ಲೆಕ್ಕವನ್ನು ಬೇರೆಯಾಗಿ ಹಾಕಲೇಬೇಕು. ತೊಲೆಯ ತುದಿಗೆ ಸಾಮಾನ್ಯವಾಗಿ ಬಳಸುವುದು ಒಳಗೆ ಸೀಳು ಮಾಡಿ ಕೂರಿಸುವ 8–10 ಮಿ.ಮೀ. ಉಕ್ಕಿನ ಪ್ಲೇಟು ಮತ್ತು 12 ಮಿ.ಮೀ. ಡೋವೆಲ್. ನಾರಿನುದ್ದಕ್ಕೆ ಡೋವೆಲ್‌ನಿಂದ ಡೋವೆಲ್‌ಗೆ 60, ನಾರಿಗೆ ಅಡ್ಡ 36, ಎಳೆತ ಬೀಳುವ ತುದಿಯಿಂದ 84, ಭಾರ ಬೀಳುವ ಅಂಚಿನಿಂದ 48 ಮಿ.ಮೀ. ಕನಿಷ್ಠ. ಈ ಅಂತರಗಳನ್ನು ಕೂಡಿಸಿ ನೋಡಿದರೆ ತೊಲೆಯ ಗಾತ್ರವನ್ನು ಕೂಡೇ ತೀರ್ಮಾನಿಸುವುದು ಎಷ್ಟೋ ಸಲ ಕಾಣುತ್ತದೆ. ಪ್ಲೇಟಿಗೂ ಬೆಂಕಿಯ ಲೆಕ್ಕ ಅನ್ವಯ: 60 ನಿಮಿಷಕ್ಕೆ ಸುತ್ತ 49 ಮಿ.ಮೀ. ಮರ ಇರಬೇಕು, ಡೋವೆಲ್ ತುದಿಗೆ ಮರದ ಬಿರಡೆ ಹೊಡೆಯಬೇಕು.

ಡೋವೆಲ್‌ಗಳನ್ನು ತೊಲೆಯ ತಲೆಯಿಂದ ಬುಡದವರೆಗೆ ಹಂಚಬೇಡಿ. ಮರ ತೇವಾಂಶದ ಪ್ರತಿ ಶೇ. 1ಕ್ಕೆ ನಾರಿಗೆ ಅಡ್ಡ ಸುಮಾರು ಶೇ. 0.25 ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಶೇ. 12ಕ್ಕೆ ಒಣಗಿ ಬಂದ 560ರ ತೊಲೆ ಮಂಗಳೂರಿನ ಮಳೆಗಾಲದ ತೆರೆದ ಜಗಲಿಯಲ್ಲಿ ಶೇ. 18ಕ್ಕೆ ಏರಿದರೆ ಹಿಗ್ಗುವುದು 8 ಮಿ.ಮೀ.ಗೂ ಹೆಚ್ಚು. ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ, ಆದರೆ ಉಕ್ಕಿನ ಪ್ಲೇಟು ಜಗ್ಗುವುದಿಲ್ಲ. ನಡುವೆ ಸಿಕ್ಕಿದ ಮರ ಸೀಳುತ್ತದೆ. ಮೇಲಿನ ಡೋವೆಲ್‌ಗೂ ಕೆಳಗಿನದಕ್ಕೂ 250–300 ದಾಟದಂತೆ ಗುಂಪು ಮಾಡಿ, ಅದಕ್ಕೂ ಮೀರಿದರೆ ಪ್ಲೇಟಿನ ತೂತನ್ನು ಉದ್ದಕ್ಕೆ ಕೊರೆಸಿ.

ಕಂಬದ ಮೇಲೆ ಕೂರುವ ಜಾಗವೂ ಗಮನಿಸಬೇಕು. ನಮ್ಮ ತೊಲೆಯ ತುದಿಯ ಭಾರ 56 ಕಿಲೋನ್ಯೂಟನ್. 100 ಮಿ.ಮೀ. ಕೂರು ಕೊಟ್ಟರೆ ಲೆಕ್ಕ ಅಂಚಿನಲ್ಲಿ ನಿಲ್ಲುತ್ತದೆ. 120 ಕೊಟ್ಟರೆ ನಿಶ್ಚಿಂತೆ. ತುದಿಯ ಕೆಳಭಾಗದಲ್ಲಿ ಕಚ್ಚು ಹಾಕಿ ಎತ್ತರ ಹೊಂದಿಸುವ ಹಳೆಯ ಚಾಳಿ ಬೇಡ, ಕಚ್ಚಿನ ಮೂಲೆಯಿಂದಲೇ ಸೀಳು ಶುರು.

ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್‌ಗೂ ಒಂದು ಮಾತು ಮೊದಲೇ ಹೇಳಿಡಿ. ಬಲವರ್ಧನೆ ಇಲ್ಲದೆ ತೊಲೆಯಲ್ಲಿ ತೂತು ಆಳದ ಶೇ. 15 ದಾಟಬಾರದು, ಅಂದರೆ 560ರಲ್ಲಿ 84 ಮಿ.ಮೀ., ಅದೂ ಆಳದ ನಡುವಿನಲ್ಲಿ, ಆಸರೆಯಿಂದ ದೂರ. 110ರ ಪೈಪಿಗೆ ಕೋರ್ ಕಟರ್ ಹಿಡಿದವರನ್ನು ಅಲ್ಲೇ ತಡೆಯಬೇಕು. ಪೈಪುಗಳ ದಾರಿ ತೊಲೆಯ ಕೆಳಗೆ. ಹಾಗಾಗಿ 560ರ ಕೆಳಗೆ ಇನ್ನಷ್ಟು ಎತ್ತರ ಹೋಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ನೀರು, ಗೆದ್ದಲು

2006ರ ಜನವರಿ 2ರಂದು ಜರ್ಮನಿಯ ಬಾಡ್ ರೈಷೆನ್‌ಹಾಲ್‌ನಲ್ಲಿ ಐಸ್ ಸ್ಕೇಟಿಂಗ್ ಸಭಾಂಗಣದ ಮರದ ಚಾವಣಿ ಹಿಮದ ಭಾರಕ್ಕೆ ಕುಸಿದು 15 ಮಂದಿ ಸತ್ತರು. ತೇವ ತಡೆಯದ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ವರ್ಷಗಳ ತೇವಕ್ಕೆ ಬಲ ಕಳೆದುಕೊಂಡದ್ದು ಮುಖ್ಯ ಕಾರಣಗಳಲ್ಲಿ ಒಂದು, ಲೆಕ್ಕದ ತಪ್ಪುಗಳೂ ಜೊತೆಗಿದ್ದವು. ನಮ್ಮ ಮಳೆಗೆ ಟೈಪ್ 1 ಅಂಟು, ಅಂದರೆ ತೇವ ತಡೆಯುವ ಮೆಲಮೈನ್ ಅಥವಾ ರೆಸಾರ್ಸಿನಾಲ್ ಬಗೆಯದು, ಬಿಟ್ಟು ಬೇರೆ ಒಪ್ಪಬೇಡಿ. ತೆರೆದ ಜಾಗಕ್ಕಾದರೆ ಹಲಗೆಯ ದಪ್ಪ 35 ಮಿ.ಮೀ. ಮೀರಬಾರದು ಎಂದು ಗ್ಲುಲ್ಯಾಮ್‌ಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 14080 ಹೇಳುತ್ತದೆ. ಒಳಾಂಗಣಕ್ಕೆ 45ರವರೆಗೆ ಆಗುತ್ತದೆ.

ಗೆದ್ದಲಿನ ಮಾತಿಗೆ ಬಂದರೆ ಸ್ಪ್ರೂಸ್ ನಮ್ಮ ನೆಲಕ್ಕೆ ಒಗ್ಗದ ಮರ. ಅದರ ಕೆಚ್ಚಿಗೆ ಸ್ವಂತ ತಡೆ ಇಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಒತ್ತಡದಲ್ಲಿ ಔಷಧಿ ತುಂಬಿಸಲು ಹೋದರೂ ಸ್ಪ್ರೂಸ್ ಒಳಕ್ಕೆ ಹೀರುವುದಿಲ್ಲ, ಮೇಲ್ಪದರದಲ್ಲೇ ನಿಲ್ಲುತ್ತದೆ. "ಟ್ರೀಟೆಡ್" ಎಂಬ ಒಂದು ಪದ ನೋಡಿ ನಂಬಬೇಡಿ, ಎಷ್ಟು ಆಳ ಇಳಿದಿದೆ ಎಂದು ಕೇಳಿ. ರೇಡಿಯೇಟಾ ಪೈನ್ ಅಥವಾ ಸದರ್ನ್ ಪೈನ್ ಗ್ಲುಲ್ಯಾಮ್ ಔಷಧಿ ಚೆನ್ನಾಗಿ ಹೀರುತ್ತದೆ, ನಮ್ಮಲ್ಲಿಗೆ ಅದೇ ವಾಸಿ. ಮಣ್ಣಿಗೆ ಐಎಸ್ 6313ರ ಗೆದ್ದಲು ಚಿಕಿತ್ಸೆ, ಮರಕ್ಕೆ ಐಎಸ್ 401ರ ಸಂರಕ್ಷಣೆ, ಎರಡೂ ಬೇಕು. ಕಂಬದ ಬುಡವನ್ನು ನೆಲದಿಂದ ಕನಿಷ್ಠ 150 ಮಿ.ಮೀ. ಮೇಲೆ ಉಕ್ಕಿನ ಪಾದದ ಮೇಲೆ ನಿಲ್ಲಿಸಿ, ಸುತ್ತ ಟೈಲ್ಸ್ ಹಾಕಿ ಮುಚ್ಚಬೇಡಿ. ಗೆದ್ದಲಿನ ಮಣ್ಣಿನ ಕೊಳವೆ ಕಣ್ಣಿಗೆ ಬೀಳಬೇಕು. ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆಯ ತೇಗದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿರುವುದರ ತರ್ಕವೂ ಇದೇ.

ತರಿಸುವಾಗ

ಭಾರತದಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರದ ಬಳಕೆಗೆ 1993ರಲ್ಲಿ ಹಾಕಿದ ನಿಷೇಧವನ್ನು 2020ರಲ್ಲಿ ತೆಗೆಯಿತು. ಇಷ್ಟು ವರ್ಷ ಮರ ವಿನ್ಯಾಸವೇ ಮಾಡದ ಪೀಳಿಗೆಯೊಂದು ಬೆಳೆದಿದೆ ಎಂಬುದೂ ನಿಜ. ಮರದ ವಿನ್ಯಾಸದ ಭಾರತೀಯ ಸಂಹಿತೆ ಐಎಸ್ 883 ಈಗಲೂ ಅನುಮತಿಸಿದ ಒತ್ತಡದ ಪದ್ಧತಿಯಲ್ಲಿದೆ. ಯುರೋಪಿನ 24ನ್ನು ಅದರಲ್ಲಿ ನೇರ ಹಾಕಿದರೆ ಅನಾಹುತ, ಯಾಕೆಂದರೆ 24 ಎಂಬುದು ಮುರಿಯುವ ಹಂತದ ಗುಣಲಕ್ಷಣ ಬಲ, ಅನುಮತಿಸಿದ ಒತ್ತಡವಲ್ಲ. ಐಎಸ್ 883ರ 'ಬಿ' ಗುಂಪಿನ ಮರಗಳಿಗೆ, ತೇಗವೂ ಅದರಲ್ಲೇ, ಅನುಮತಿಸಿದ ಬಾಗುವ ಒತ್ತಡ 12ರಿಂದ 18. ಅದನ್ನು 24ರ ಪಕ್ಕ ಇಟ್ಟು "ಸ್ಪ್ರೂಸ್ ತೇಗಕ್ಕಿಂತ ಗಟ್ಟಿ" ಎನ್ನುವುದು ಮಾವಿಗೂ ಬೇವಿಗೂ ಹೋಲಿಕೆ. ಒಂದು ಕಟ್ಟಡಕ್ಕೆ ಒಂದೇ ಸಂಹಿತೆ ಹಿಡಿದು ಕೊನೆತನಕ ಅದರಲ್ಲೇ ಹೋಗಿ. ಬಂದ ಮರದ ಬಗ್ಗೆ ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ಸಂಶೋಧನೆಗೆಂದೇ ಕೇಂದ್ರ ಸಂಸ್ಥೆಯಿದೆ, ಮಾದರಿ ತುಂಡು ಒಯ್ದು ವಿಚಾರಿಸಿ.

ಆರ್ಡರಿನಲ್ಲಿ ಬರೆಯಬೇಕಾದದ್ದು: ದರ್ಜೆ ಮತ್ತು ಅದರ ಕೊನೆಯ ಅಕ್ಷರ (ಎಚ್ ಎಂದರೆ ಎಲ್ಲ ಹಲಗೆ ಒಂದೇ ದರ್ಜೆ, ಸಿ ಎಂದರೆ ನಡುವಿನವು ಕಡಿಮೆ ದರ್ಜೆ), ಅಂಟಿನ ಟೈಪ್, ರವಾನೆಯ ಹೊತ್ತಿನ ತೇವಾಂಶ, ಹಲಗೆಯ ದಪ್ಪ, ಔಷಧಿಯ ಬಗೆ ಮತ್ತು ಇಳಿದ ಆಳ. ತೂತು, ಸೀಳು ಎಲ್ಲವನ್ನೂ ಕಾರ್ಖಾನೆಯಲ್ಲೇ ಕೊರೆಸಿ, ಸೈಟಿನಲ್ಲಿ ಕೊರೆದ ಡೋವೆಲ್ ತೂತು ನೇರ ಬರುವುದು ಅದೃಷ್ಟದ ಮಾತು. ಸಮುದ್ರದಲ್ಲಿ ಬರುವುದು 40 ಅಡಿ ಕಂಟೇನರಿನಲ್ಲಿ, ಒಳಗಿನ ಉದ್ದ ಸುಮಾರು 12 ಮೀಟರ್, ಅಗಲ 2.35. ತೊಲೆ 11.8 ಮೀಟರ್ ಒಳಗೆ, ಸಿಎಲ್‌ಟಿ ಹಲಗೆ 2.25 ಅಗಲದ ಒಳಗೆ ಇರುವಂತೆ ಮೊದಲೇ ಕತ್ತರಿ ಯೋಜನೆ ಮಾಡಿಕೊಳ್ಳಿ. 3 ಮೀಟರ್ ಅಗಲದ ಹಲಗೆ ಕ್ಯಾಟಲಾಗಿನಲ್ಲಿ ಇದ್ದೇ ಇರುತ್ತದೆ, ನಿಮ್ಮ ಕಂಟೇನರಿನಲ್ಲಿ ಹಿಡಿಸುವುದಿಲ್ಲ.

ಎತ್ತಿ ನಿಲ್ಲಿಸುವ ಕೆಲಸ ಡಿಸೆಂಬರಿನಿಂದ ಮೇ ಒಳಗೆ ಮುಗಿಯುವಂತೆ ಇಡಿ. ಮುಂಗಾರು ತಗುಲಿದರೆ ಸಿಎಲ್‌ಟಿ ಹಲಗೆಗಳ ತುದಿ ನೀರು ಕುಡಿದು ಊದಿಕೊಳ್ಳುತ್ತವೆ, ಕೀಲು ಸಂದುಗಳಲ್ಲಿ ನಿಂತ ನೀರು ಸ್ಕ್ರೀಡ್ ಕೆಳಗೆ ಸಿಕ್ಕಿಬಿದ್ದರೆ ವರ್ಷವಾದರೂ ಒಣಗದು. ಪ್ಲಾಸ್ಟಿಕ್ ಸುತ್ತಿ ಬಂದ ತೊಲೆಯ ಕೆಳಬದಿಯನ್ನು ಸೀಳಿಬಿಡಿ, ಇಲ್ಲದಿದ್ದರೆ ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ಮರದ ಮೇಲೆ ಸ್ಕ್ರೀಡ್ ಹಾಕುವ ಮೊದಲು ತೇವಾಂಶ ಅಳೆಯುವ ಪಿನ್ ಮೀಟರಿನಲ್ಲಿ ಶೇ. 16ಕ್ಕಿಂತ ಕೆಳಗೆ ಓದಬೇಕು.

ಮೊದಲ ವರ್ಷದ ಕೊನೆಗೆ ಬೋಲ್ಟ್ ಇರುವ ಕೂಡುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಮರ ಕುಗ್ಗಿ ಸಡಿಲ ಬಿಟ್ಟಿರುತ್ತದೆ. ಆ ಹೊತ್ತಿಗೆ ತೊಲೆಯ ಪಕ್ಕದಲ್ಲಿ ನಾರಿನುದ್ದಕ್ಕೆ ಬಿರುಕು ಕಂಡು ಮನೆಯವರು ಗಾಬರಿಯಿಂದ ಫೋನ್ ಮಾಡುವುದು ಸಾಮಾನ್ಯ. ತೆಳು ಫೀಲರ್ ಗೇಜ್ (ಸಂದು ಅಳೆಯುವ ಲೋಹದ ಪಟ್ಟಿ) ಒಳಗೆ ತೂರಿಸಿ ಆಳ ನೋಡಿ. ಪ್ರತಿ ಪಕ್ಕದಿಂದ ಅಗಲದ ಆರನೇ ಒಂದು ಭಾಗ, ಅಂದರೆ 160ರ ತೊಲೆಯಲ್ಲಿ ಸುಮಾರು 26 ಮಿ.ಮೀ.ವರೆಗೆ ಇದ್ದರೆ ಒಣಗಿದ ಬಿರುಕು, ಬಿಟ್ಟುಬಿಡಿ. ಡೋವೆಲ್ ಸಾಲಿನ ಗುಂಟ ಹೊರಟ ಬಿರುಕು, ಅಥವಾ ಅಂಟಿನ ಗೆರೆಯಲ್ಲೇ ನೇರ ಓಡಿದ ಬಿರುಕು ಕಂಡರೆ ಎಷ್ಟು ಆಳ ಎಂದು ಅಳೆಯುತ್ತ ಕೂರದೆ ಕೆಳಗೆ ಜಾಕ್ ಕೊಟ್ಟು ವಿನ್ಯಾಸ ಮಾಡಿದ ಎಂಜಿನಿಯರ್ ಅನ್ನು ಕರೆಸಿ.